ಜೋಡಿಯ ತಪ್ಪು

ಔಷಧಿ ಡಬ್ಬಿ ತೆರೆದರೆ ಮಾತ್ರೆಗಿಂತ ಮೊದಲು ಕೈಗೆ ಬರುವುದು ಎಂಟು ಮಡಿಕೆಯ ತೆಳು ಕಾಗದ. ಅದನ್ನು ಬಿಡಿಸಿ ಓದುವವರು ನೂರಕ್ಕೆ ಒಬ್ಬರೂ ಇಲ್ಲ. ಆದರೆ ಅದು ಅಚ್ಚಿಗೆ ಹೋಗುವ ಮೊದಲು ಅದರ ಒಂದೊಂದು ಅಕ್ಷರವನ್ನೂ ಇಬ್ಬರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿರುತ್ತಾರೆ. ಮುದ್ರಣಾಲಯದ ಮೂರನೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ, ಕೆಳಗಿನ ಯಂತ್ರಗಳ ಸದ್ದು ಕಿವಿಗಿಂತ ಹೆಚ್ಚಾಗಿ ಅಂಗಾಲಿಗೆ ತಿಳಿಯುವ ಜಾಗದಲ್ಲಿ, ಅಂಥ ಐದು ಜೋಡಿಗಳು ಕೂರುತ್ತಿದ್ದವು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು. ಎದುರಿನವರು ಕರಡಚ್ಚಿನ ಮೇಲೆ ಬೆರಳಿಟ್ಟು ನೋಡುತ್ತ ಹೋಗುವುದು. ಅಲ್ಪವಿರಾಮ, ಆವರಣ, ಚುಕ್ಕೆ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಅರ್ಧ ಗಂಟೆಗೊಮ್ಮೆ ಕೆಲಸ ಅದಲುಬದಲು. ಯಾವ ಹೊತ್ತಿಗೆ ಯಾರು ಓದಿದರು, ಯಾರು ನೋಡಿದರು ಎಂಬುದನ್ನು ಎಲ್ಲಿಯೂ ಬರೆದಿಡುತ್ತಿರಲಿಲ್ಲ.

ಬರೆದಿಡದಿರುವುದೇ ಆ ಕೋಣೆಯ ಕಟ್ಟಳೆ. ತಪ್ಪು ನುಸುಳಿದರೆ ಅಲ್ಲೊಂದು ಪುಸ್ತಕದಲ್ಲಿ ತಾರೀಖು, ಸಾಲು, ಕೆಳಗೆ ಇಬ್ಬರ ಸಹಿ. ಯಾರದು ಎಂದು ಕೇಳುವಂತಿಲ್ಲ. ಯಾರಾದರೂ ಕೇಳಿಯೇಬಿಟ್ಟರೆ ಇಬ್ಬರೂ ‘ನನ್ನದು’ ಎನ್ನಬೇಕು. ಹೆದರಿದ ಕಣ್ಣು ಇರುವುದನ್ನು ನೋಡುವುದಿಲ್ಲ, ಇರಬೇಕಾದದ್ದನ್ನು ನೋಡುತ್ತದೆ. ಅದಕ್ಕೇ ಈ ಕಟ್ಟಳೆ ಎಂದು ಅಕ್ಕ ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದಳು.

ಅಕ್ಕ ಎಂದರೆ ಆ ಕೋಣೆಗೆಲ್ಲ ಅಕ್ಕ. ಇಪ್ಪತ್ತಾರು ವರ್ಷದಿಂದ ಕಿಟಕಿಯ ಪಕ್ಕದ ಮೇಜು ಅವಳದು. ಅವಳ ಒಡಹುಟ್ಟಿದವಳು ತಂಗಿ. ಅಕ್ಕನೇ ಕೈಹಿಡಿದು ಕರೆತಂದು ಎದುರು ಕೂರಿಸಿಕೊಂಡು ಕೆಲಸ ಕಲಿಸಿದ್ದರಿಂದ ಎಲ್ಲರ ಬಾಯಲ್ಲೂ ತಂಗಿ. ನಾಲ್ಕು ವರ್ಷದ ಹಿಂದೆ ಅಕ್ಕನನ್ನು ಬಿಟ್ಟು ತಂಗಿಯನ್ನು ವಿಭಾಗದ ಮುಖ್ಯಸ್ಥೆ ಮಾಡಿದರು. ಅವಳಿಗೆ ಪದವಿ ಇತ್ತು, ಅಕ್ಕನಿಗೆ ಇರಲಿಲ್ಲ. ಗಾಜಿನ ಕೋಣೆ ಬಂತು, ಬಾಗಿಲ ಮೇಲೆ ಫಲಕ ಬಂತು. ತಂಗಿ ಎಂಬ ಹೆಸರು ಹೋಗಲಿಲ್ಲ.

ಈ ವರ್ಷ ಎರಡು ಔಷಧಿ ಕಂಪನಿಗಳು ಇಲ್ಲಿ ಮುದ್ರಣ ಮಾಡಿಸುವುದನ್ನು ನಿಲ್ಲಿಸಿದವು. ಕೆಳಗೆ ಆರು ಯಂತ್ರಗಳಲ್ಲಿ ಮೂರಕ್ಕೆ ಟಾರ್ಪಾಲು ಹೊದಿಸಿದರು. ಮಹಡಿಯ ಮೇಲೆ ಅಂಗಾಲಿನ ನಡುಕ ಅರ್ಧವಾಯಿತು. ಕೆಲವರಿಗೆ ಅದೇ ತಲೆನೋವು ತಂದಿತು. ಆಗ ಹೊಸ ಡೈರೆಕ್ಟರ್ ಬಂದ. ಯಾವ ಮಾತು ಆಡುವಾಗಲೂ ನಗುತ್ತಿದ್ದುದರಿಂದ ಮೂರನೆಯ ದಿನಕ್ಕೇ ಅವನಿಗೆ ನಗುಮುಖ ಎಂಬ ಹೆಸರು ಬಿತ್ತು. ಅವನು ಎಲ್ಲರನ್ನೂ ವೃತ್ತಾಕಾರದಲ್ಲಿ ಕೂರಿಸಿದ.

“ಕಷ್ಟಕಾಲದಲ್ಲಿ ನಾಯಕ ಅನ್ನೋನು ಮೊದಲು ಕಿವಿ ಆಗಬೇಕು, ಆಮೇಲೆ ಬಾಯಿ,” ಎಂದ. “ನಾವೆಲ್ಲ ಒಂದೇ ಕುಟುಂಬ.”

“ಅಯ್ಯೋ, ಕುಟುಂಬ ಅಂದ್ರೆ ನಂಗೆ ಕೈಕಾಲು ನಡುಗುತ್ತೆ,” ಎಂದು ಹಿಂದಿನಿಂದ ಪೂರ್ಣವಿರಾಮ ಗೊಣಗಿದ. ಆಳು ಗಿಡ್ಡ, ದುಂಡಗೆ. ಯಾವ ಚರ್ಚೆಯಾದರೂ ಅವನ ಮಾತಿಗೆ ಮುಗಿಯುತ್ತಿತ್ತು. “ನಮ್ಮಪ್ಪನೂ ಮನೆಯಿಂದ ಆಚೆ ಹಾಕೋ ಮುಂಚೆ ಇದನ್ನೇ ಅಂದಿದ್ದ.”

ಎಲ್ಲರಿಗಿಂತ ಜೋರಾಗಿ ನಕ್ಕವನು ನಗುಮುಖನೇ. “ನೋಡಿ, ಇದೇ ಬೇಕಾಗಿರೋದು. ಮನಸ್ಸಲ್ಲಿ ಇರೋದು ಹೊರಗೆ ಬರಬೇಕು.”

ಹೊರಗೆ ತರುವ ಕೆಲಸ ತಂಗಿಯ ಪಾಲಿಗೆ ಬಂತು. ‘ಮನಬಿಚ್ಚಿ’ ಎಂಬ ಹೆಸರಿನ ನಮೂನೆ. ಒಬ್ಬೊಬ್ಬರನ್ನೇ ಗಾಜಿನ ಕೋಣೆಗೆ ಕರೆದು ಅರ್ಧ ಗಂಟೆ ಮಾತಾಡಿಸಿ ತುಂಬಬೇಕು. ಮೂರು ಪ್ರಶ್ನೆ. ಕೆಲಸದಲ್ಲಿ ಖುಷಿ ಕೊಡುವುದೇನು? ಚಿಂತೆ ಏನು? ನಿಮ್ಮಿಂದ ಆದ, ನಿಮಗೆ ಪಾಠ ಕಲಿಸಿದ ತಪ್ಪುಗಳು ಯಾವುವು?

ತಂಗಿಗೆ ಈ ಕೆಲಸ ಒಗ್ಗಿತು. ಅವಳು ಮಾತಾಡುವವಳಲ್ಲ. ಎದುರಿನವರ ಮಾತು ನಿಂತಾಗ ತಾನೂ ಸುಮ್ಮನಿರುತ್ತಿದ್ದಳು. ಆ ಮೌನವನ್ನು ತುಂಬಲು ಅವರೇ ಇನ್ನಷ್ಟು ಹೇಳುತ್ತಿದ್ದರು. ತನ್ನ ಸುಮ್ಮನಿರುವಿಕೆಯನ್ನು ಜನ ಕರುಣೆಯೆಂದು ತಿಳಿಯುತ್ತಾರೆ ಎಂಬುದು ಅವಳಿಗೆ ಚಿಕ್ಕಂದಿನಿಂದಲೂ ಗೊತ್ತಿತ್ತು. ಅಲ್ಲವೆಂದು ಅವಳು ಯಾರಿಗೂ ಹೇಳಿರಲಿಲ್ಲ.

ಮೊದಲು ಬಂದವರು ಕನ್ನಡಕ. ದಪ್ಪ ಗಾಜಿನ ಹಿಂದೆ ಎರಡು ಮೀನಿನಂಥ ಕಣ್ಣು. ನಿವೃತ್ತಿಗೆ ಮೂರು ವರ್ಷ ಬಾಕಿ.

“ತಪ್ಪಾ? ಬರ್ಕೊಳ್ಳಮ್ಮ. ಪುಸ್ತಕದಲ್ಲಿ ನಮ್ಮ ಜೋಡಿದು ಏಳಿದೆ. ಏಳೂ ನಂದೇ.”

“ಏಳೂನಾ?”

“ಇನ್ನೇನು? ಆ ಹುಡುಗಿ ತಲೆಗೆ ಕಟ್ಟಲಾ? ನಿನ್ನೆ ಮೊನ್ನೆ ಬಂದಿದ್ದಾಳೆ.”

ಆ ಹುಡುಗಿ ಎಂದರೆ ಅವರ ಜೊತೆಗಾತಿ ಗಿಣಿ. ಉಸಿರು ಬಿಡದೆ ಓದುತ್ತಾಳೆಂದು ಆ ಹೆಸರು. ಬಂದು ಎರಡು ವರ್ಷವಾಗಿತ್ತು. ಮಧ್ಯಾಹ್ನ ಅವಳು ಅದೇ ಕುರ್ಚಿಯಲ್ಲಿ ಕೂತು ಕಾಲಮೇಲೆ ಕಾಲು ಹಾಕಿಕೊಂಡಳು.

“ನನ್ನಿಂದ ಅಂತ ಏನೂ ಆಗಿಲ್ಲ ಮೇಡಂ. ಅವರಿಗೆ ಕಣ್ಣು ಮಂಜು. ಸಣ್ಣಕ್ಷರ ಬಂದ್ರೆ ಊಹೆ ಮೇಲೆ ನಡೆಸ್ತಾರೆ. ಪಾಪ, ಹೇಳ್ಬಾರ್ದು ಅಂತ ಇಷ್ಟು ದಿನ ಸುಮ್ನಿದ್ದೆ.”

ಗಿಣಿಯ ನಮೂನೆಯಲ್ಲಿ ಮೂರನೆಯ ಪ್ರಶ್ನೆಯ ಮುಂದೆ ತಂಗಿ ‘ಇಲ್ಲ’ ಎಂದು ಬರೆದಳು.

ಗುರುವಾರದ ಹೊತ್ತಿಗೆ ಅಕ್ಕನನ್ನು ಬಿಟ್ಟು ಎಲ್ಲರದೂ ಮುಗಿದಿತ್ತು. ಪೂರ್ಣವಿರಾಮ ತನ್ನ ಜೋಡಿಯ ಹನ್ನೊಂದು ತಪ್ಪನ್ನೂ ಮೈಮೇಲೆ ಹಾಕಿಕೊಂಡು, “ಇನ್ನೆರಡು ಬೇಕಾದ್ರೆ ಸೇರಿಸ್ಕೊ, ಹದಿಮೂರಾದ್ರೆ ದಪ್ಪಗೆ ಕಾಣುತ್ತೆ,” ಎಂದು ನಗಿಸಿ ಹೋದ. ತಪ್ಪು ಹೊತ್ತುಕೊಂಡವರೆಲ್ಲ ಕಟ್ಟಳೆಯನ್ನು ಪಾಲಿಸಿದ್ದರು ಅಷ್ಟೆ. ಎದುರಿಗೆ ಕೂತಿದ್ದವಳು ಅದೇ ಕೋಣೆಯವಳು. ‘ನನ್ನದು’ ಎಂದರೆ ಏನರ್ಥ ಎಂದು ಅವಳಿಗೆ ಬಿಡಿಸಿ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಶುಕ್ರವಾರ ನಗುಮುಖ ಅವಳನ್ನು ಕರೆದು ಬಾಗಿಲು ಮುಚ್ಚಿದ.

“ಅದ್ಭುತ ಕೆಲಸ. ಇಷ್ಟು ಪ್ರಾಮಾಣಿಕ ಉತ್ತರ ನಾನು ಎಲ್ಲೂ ನೋಡಿಲ್ಲ. ಜನ ನಿಮ್ಮನ್ನ ಎಷ್ಟು ನಂಬ್ತಾರೆ!” ನಮೂನೆಗಳನ್ನು ಇಸ್ಪೀಟಿನ ಎಲೆಗಳಂತೆ ಮೇಜಿನ ಮೇಲೆ ಹರಡಿದ. “ನಿಮ್ಮ ವಿಭಾಗದಲ್ಲಿ ನಾಲ್ಕು ಜನ ಕಡಿಮೆ ಆಗಬೇಕು. ಇಷ್ಟು ದಿನ ಹೇಗೆ ಆರಿಸೋದು ಅಂತ ತಲೆ ಕೆಡಿಸ್ಕೊಂಡಿದ್ದೆ. ಆ ಪುಸ್ತಕದಲ್ಲಿ ನೋಡಿದ್ರೆ ಬರೀ ಜೋಡಿ ಸಹಿ. ಈಗ ಅವರೇ ಹೇಳ್ಬಿಟ್ರಲ್ಲ.”

ಅದು ಕೋಣೆಯ ಅಭ್ಯಾಸ, ಅದನ್ನು ಹಾಗೆ ಓದಬಾರದು ಎಂದು ಹೇಳಲು ಒಂದೇ ವಾಕ್ಯ ಸಾಕಿತ್ತು. ವಾಕ್ಯ ತಂಗಿಯ ನಾಲಿಗೆಯ ತುದಿಗೂ ಬಂತು.

“ಒಂದು ಮಾತ್ರ ಬಾಕಿ,” ಎಂದ ನಗುಮುಖ. “ನಾಲ್ಕು ವರ್ಷದ ಹಿಂದಿನ ಆ ಚುಕ್ಕೆ. ನಲವತ್ತು ಸಾವಿರ ಕಾಗದ ವಾಪಸ್ ತರಿಸಿದ್ದು. ಅದರ ಕೆಳಗೆ ನಿಮ್ಮ ಸಹಿಯೂ ಇದೆ, ನಿಮ್ಮ ಅಕ್ಕನ ಸಹಿಯೂ ಇದೆ. ಮಾಲೀಕರು ಅದೊಂದನ್ನೇ ಕೇಳ್ತಿದಾರೆ. ಇಬ್ಬರಲ್ಲಿ ಯಾರದೋ, ಅವರನ್ನ ಇಟ್ಕೊಳ್ಳೋಕಾಗಲ್ಲ. ನಂಗೆ ಗೊತ್ತು, ನಿಮ್ಮದಿರಲಿಕ್ಕಿಲ್ಲ. ಸೋಮವಾರ ಅವರ ಜೊತೆ ಮಾತಾಡ್ತೀರಲ್ಲ, ಬರೆದು ತನ್ನಿ.”

ನಾಲಿಗೆಯ ತುದಿಯ ವಾಕ್ಯವನ್ನು ತಂಗಿ ಉಗುಳಿನ ಜೊತೆ ನುಂಗಿದಳು.

ಚುಕ್ಕೆ ಅವಳದು. ಮಕ್ಕಳ ಜ್ವರದ ಔಷಧಿ, 2.5 ಇರಬೇಕಾದಲ್ಲಿ 25 ಅಚ್ಚಾಗಿತ್ತು. ಯಾರಿಗೂ ಏನೂ ಆಗಲಿಲ್ಲವೆಂದು ಕಂಪನಿ ಹೇಳಿತು. ಆದರೂ ತಂಗಿ ತಿಂಗಳುಗಟ್ಟಲೆ ಪತ್ರಿಕೆಯ ಒಳಪುಟಗಳನ್ನು ಹುಡುಕಿ ಹುಡುಕಿ ಓದಿದ್ದಳು. ಆ ಅರ್ಧ ಗಂಟೆ ಅಕ್ಕ ಓದುತ್ತಿದ್ದಳು. ‘ಎರಡು ಚುಕ್ಕೆ ಐದು’ ಎಂದು ಅಕ್ಕ ಹೇಳಿದ್ದು ಇವಳ ಕಿವಿಗೆ ಬಿದ್ದಿತ್ತು. ಬೆರಳು 25ರ ಮೇಲೆಯೇ ಇತ್ತು. ಅಂದು ಬೆಳಿಗ್ಗೆಯಷ್ಟೇ ಹಳೆಯ ಡೈರೆಕ್ಟರ್ ಮೆಟ್ಟಿಲ ಮೇಲೆ ನಿಲ್ಲಿಸಿ, ಮುಂದಿನ ಮುಖ್ಯಸ್ಥೆ ನೀವೇ, ಸದ್ಯಕ್ಕೆ ಯಾರಿಗೂ ಹೇಳಬೇಡಿ ಎಂದಿದ್ದ. ಇದನ್ನು ಅಕ್ಕನಿಗೆ ಹೇಗೆ ಹೇಳುವುದೆಂದು ಅವಳು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದಳು. ಬೆರಳು ಮುಂದೆ ಸರಿಯಿತು.

ತಪ್ಪು ಹೊರಬಿದ್ದ ದಿನ ಅಕ್ಕ ತುಟಿಪಿಟಕ್ಕೆನ್ನದೆ ಮೊದಲು ಸಹಿ ಹಾಕಿ ಪೆನ್ನನ್ನು ಇವಳ ಕಡೆ ನೂಕಿದ್ದಳು. ಅಂದಿನಿಂದ ಇಂದಿನವರೆಗೆ ಅದರ ಮಾತು ಅವರಿಬ್ಬರ ನಡುವೆ ಬಂದಿರಲಿಲ್ಲ.

ಅಕ್ಕ ಮದುವೆಯಾಗಿರಲಿಲ್ಲ. ತಾಯಿ ಸತ್ತಾಗ ತಂಗಿಗೆ ಎಂಟು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಈಗ ಅಕ್ಕ ತಂಗಿಯ ಮನೆಯಲ್ಲೇ, ಅವಳ ಗಂಡ ಮತ್ತು ಮಗಳ ಜೊತೆ, ಹಿಂದಿನ ಕೋಣೆಯಲ್ಲಿ ಇದ್ದಳು. ಭಾನುವಾರ ಬೆಳಿಗ್ಗೆ ಹಿಂಬಾಗಿಲ ಬಿಸಿಲಲ್ಲಿ ಕೂತು ತಂಗಿಯ ಮಗಳ ಶಾಲೆಯ ಲಂಗದ ಅಂಚು ಬಿಚ್ಚಿ ಇಳಿಸುತ್ತಿದ್ದಳು.

“ಬೆಳೀತಾ ಇದಾಳೋ, ಓಡ್ತಾ ಇದಾಳೋ ಗೊತ್ತಾಗ್ತಿಲ್ಲ. ಇನ್ನೊಂದು ಸಲ ಇಳಿಸಿದ್ರೆ ಬಟ್ಟೆನೇ ಇರಲ್ಲ,” ಎಂದಳು ಅಕ್ಕ.

“ದೊಡ್ಡಮ್ಮ, ನೀನೂ ನಾಳೆ ಅಮ್ಮನ ಪರೀಕ್ಷೆಗೆ ಕೂರ್ತೀಯಂತೆ? ಫೇಲಾದ್ರೆ?” ಮಗಳು ಕೇಳಿದಳು.

“ಫೇಲಾದ್ರೆ ನಿಮ್ಮಮ್ಮನ ಕಿವಿ ಹಿಂಡ್ತೀನಿ. ಅಕ್ಷರ ಕಲಿಸಿದ್ದು ಯಾರು ಅಂತ ಕೇಳು.”

ಮಗಳು ನಗುತ್ತ ಓಡಿದಳು. ತಂಗಿ ಬಾಗಿಲಿಗೆ ಒರಗಿ ನಿಂತೇ ಇದ್ದಳು.

“ಏನೇ, ಕಂಬ ನೆಟ್ಟ ಹಾಗೆ ನಿಂತಿದೀಯ? ಏನಾದ್ರೂ ಹೇಳೋದಿದ್ಯಾ?”

“ಏನಿಲ್ಲ.”

ಸೂಜಿ ಬಟ್ಟೆಯೊಳಗೆ ಹೋಗಿ ಬರುತ್ತಿತ್ತು. ಎಚ್ಚರಿಸಿದರೆ ಅಕ್ಕ ನಾಳೆ ಬಾಯಿ ಬಿಡುವುದಿಲ್ಲ. ಅಕ್ಕ ಬಾಯಿ ಬಿಡದಿದ್ದರೆ ನಮೂನೆ ಖಾಲಿ ಉಳಿಯುತ್ತದೆ. ಖಾಲಿ ಉಳಿದರೆ ನಗುಮುಖ ಇವಳ ಮುಖ ನೋಡಿ ಕೇಳುತ್ತಾನೆ. ತಂಗಿ ಇದನ್ನು ಮೂರು ಸಲ ಯೋಚಿಸಿದಳು. ಮೂರು ಸಲವೂ ಅಲ್ಲಿಗೇ ಬಂದು ನಿಂತಳು. ಆಮೇಲೆ ಒಳಗೆ ಹೋಗಿ ಮಗಳ ಪುಸ್ತಕಗಳಿಗೆ ಹೊದಿಕೆ ಹಾಕತೊಡಗಿದಳು.

ಸೋಮವಾರ ಹತ್ತೂವರೆಗೆ ಅಕ್ಕ ಗಾಜಿನ ಕೋಣೆಗೆ ಬಂದು, ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದು ಕೂತಳು. ಮನೆಯಲ್ಲಿ ಬೆಳಿಗ್ಗೆ ಇಬ್ಬರೂ ಒಂದೇ ಕನ್ನಡಿಯ ಮುಂದೆ ತಲೆ ಬಾಚಿಕೊಂಡಿದ್ದರು.

“ಖುಷಿ ಕೊಡೋದು ಏನು ಅಂದ್ರೆ... ಕಿಟಕಿ ಅಂತ ಬರಿ. ಚಿಂತೆ ಏನು ಅಂದ್ರೆ, ಮಧ್ಯಾಹ್ನದ ಮೇಲೆ ಅಲ್ಲಿ ಬಿಸಿಲು ಬರುತ್ತೆ ಅಂತ ಬರಿ.” ಅಕ್ಕ ನಕ್ಕಳು. ತಂಗಿ ಬರೆದಳು.

“ಮೂರನೇದು?”

ತಂಗಿ ಓದಿ ಹೇಳಿದಳು. ಅಕ್ಕ ನಮೂನೆಯ ಮೇಲೆ ಕಣ್ಣಾಡಿಸಿದಳು.

“ಇದನ್ನ ಓದೋದು ಯಾರು?”

“ಡೈರೆಕ್ಟರ್.”

“ಓದಿ ಏನ್ ಮಾಡ್ತಾರೆ?”

ತಂಗಿ ಸುಮ್ಮನಿದ್ದಳು. ಬೇರೆಯವರ ಎದುರು ಆ ಮೌನ ಕೆಲಸ ಮಾಡಿತ್ತು. ಅಕ್ಕ ಮಾತ್ರ ಆ ಮೌನವನ್ನು ಅದರ ಎಂಟನೆಯ ವಯಸ್ಸಿನಿಂದ ಸಾಕಿ ಬೆಳೆಸಿದವಳು. ಗಾಜಿನಾಚೆ ಗಿಣಿ ಗಡಗಡ ಓದುತ್ತಿದ್ದುದು ತುಟಿಯ ಚಲನೆಯಲ್ಲಿ ಕಾಣುತ್ತಿತ್ತು.

“ಕನ್ನಡಕ ಏಳೂ ತಮ್ಮದೇ ಅಂದ್ರಂತೆ,” ಎಂದಳು ಅಕ್ಕ. “ಹೊರಗೆ ಹೇಳ್ಕೊಂಡು ನಗ್ತಿದ್ರು.”

“ಹೂಂ.”

“ಬರ್ಕೊಂಡ್ಯಾ?”

“ಅವರು ಹೇಳಿದ್ದು, ಬರ್ಕೊಂಡೆ.”

“ಸರಿ.” ಅಕ್ಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. “ಹಾಗಾದ್ರೆ ಬರಿ. ಜ್ವರದ ಔಷಧಿ ಕಾಗದದ ಚುಕ್ಕೆ. ಸಂಪೂರ್ಣ ನನ್ನ ತಪ್ಪು.”

ತಂಗಿ ತಲೆಯೆತ್ತದೆ ಬರೆದಳು. ಪೆನ್ನು ತಡೆಯಲಿಲ್ಲ. ಅಕ್ಷರ ದುಂಡಗೆ, ಸಾಲು ನೇರ. ಚಿಕ್ಕಂದಿನಲ್ಲಿ ಅಕ್ಕ ಬೆರಳ ಮೇಲೆ ಬೆರಳಿಟ್ಟು ತಿದ್ದಿಸಿದ್ದ ಬರವಣಿಗೆ.

ಅಚ್ಚಿನ ಕೆಲಸದವರು ತಲೆಕೆಳಗಾದ ಅಕ್ಷರವನ್ನೂ ಓದಬಲ್ಲರು. ಅಕ್ಕ ಮೇಜಿನ ಆಚೆಯಿಂದಲೇ ಬೆರಳು ಚಾಚಿದಳು.

“ಒಂದು ಪದ ಬಿಟ್ಟಿದೀಯ. ‘ಸಂಪೂರ್ಣ’ ಅಂದೆ ನಾನು.”

ತಂಗಿ ಸಾಲಿನ ಮೇಲೆ ಕೊಕ್ಕೆ ಹಾಕಿ ‘ಸಂಪೂರ್ಣ’ ಸೇರಿಸಿದಳು. ಅಕ್ಕ ಸಹಿ ಮಾಡಿ ಎದ್ದಳು.

“ನೀನು ಬರೀತಿರೋವಾಗ ನಿನ್ನ ಕೈನೇ ನೋಡ್ತಿದ್ದೆ ಕಣೆ,” ಎಂದಳು ಬಾಗಿಲ ಬಳಿ. “ಒಂದ್ಸಲ ನಿಲ್ಲುತ್ತೆ ಅಂದ್ಕೊಂಡಿದ್ದೆ.”

ಬಾಗಿಲು ತೆರೆದಾಗ ಓದುವವರ ದನಿಗಳು ಒಳಗೆ ನುಗ್ಗಿದವು. ಮುಚ್ಚಿದಾಗ ನಿಂತವು.

ಕೆಲಸದಿಂದ ತೆಗೆದ ಪತ್ರಗಳನ್ನು ತಂಗಿಯೇ ಕೊಡಬೇಕೆಂದು ನಗುಮುಖ ಹೇಳಿದ. “ನಂಬಿದವರ ಕೈಯಿಂದ ಬಂದ್ರೆ ನೋವು ಕಡಿಮೆ.” ನಾಲ್ಕು ಲಕೋಟೆ: ಅಕ್ಕ, ಕನ್ನಡಕ, ಪೂರ್ಣವಿರಾಮ, ಮತ್ತೆ ತನ್ನ ಜೋಡಿಯ ಐದು ತಪ್ಪನ್ನೂ ಹೊತ್ತುಕೊಂಡಿದ್ದ ಒಬ್ಬ ಬಸುರಿ. ಗಿಣಿಯಂತೆ ‘ಇಲ್ಲ’ ಎಂದವರು, ‘ನೆನಪಿಲ್ಲ’ ಎಂದವರು ಉಳಿದರು.

ಕನ್ನಡಕ ಪತ್ರವನ್ನು ಮೂಗಿಗೆ ತಾಗಿಸಿ ಎರಡು ಸಲ ಓದಿದರು. “‘ಸ್ವತಃ ಒಪ್ಪಿಕೊಂಡ ತಪ್ಪುಗಳ ಆಧಾರದ ಮೇಲೆ’ ಅಂತಿದೆಯಲ್ಲಮ್ಮ. ನಾವು ಯಾವತ್ತೂ ಹಾಗೆ ತಾನೇ ಹೇಳೋದು? ನೀನು ಅವರಿಗೆ ಹೇಳ್ಲಿಲ್ವಾ?”

ಅವರು ತಂಗಿಯ ಮುಖವನ್ನು ಕರಡಚ್ಚಿನಂತೆ ಎಡದಿಂದ ಬಲಕ್ಕೆ ನೋಡಿದರು. ಮತ್ತೆ ಕೇಳಲಿಲ್ಲ.

ಪೂರ್ಣವಿರಾಮ ಲಕೋಟೆಯನ್ನು ಒಡೆಯಲೇ ಇಲ್ಲ. “ಹದಿಮೂರು ಮಾಡಿದ್ಯಾ, ಹನ್ನೊಂದೇನಾ?” ಎಂದ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ. ತನ್ನ ಲೋಟ ತೊಳೆದು ಚೀಲಕ್ಕೆ ಹಾಕಿಕೊಂಡು ಹೊರಟ. ಬಸುರಿ ಮಾತ್ರ ಅತ್ತಳು. ಗಿಣಿ ಅವಳ ಬೆನ್ನು ಸವರಿದಳು.

ಅಕ್ಕ ತನ್ನ ಪತ್ರಕ್ಕೆ ನಿಂತಲ್ಲೇ ಸಹಿ ಮಾಡಿ, “ಸಂಜೆ ಬರ್ತಾ ಲಂಗಕ್ಕೆ ಗುಂಡಿ ತಗೊಂಡ್ ಬಾ, ಬಿಳೀದು,” ಎಂದು ಹೇಳಿ ಮೆಟ್ಟಿಲಿಳಿದಳು.

ಅಲ್ಲಿಂದ ಆರು ವಾರ ಮನೆಯಲ್ಲಿ ಏನೂ ಬದಲಾಗಲಿಲ್ಲ. ತಂಗಿಗೆ ತಡೆಯಲಾಗದ್ದು ಅದೇ. ಅಕ್ಕ ಬೈಯಲಿಲ್ಲ, ಮುಖ ಊದಿಸಲಿಲ್ಲ. ಅವಳು ಬಾಗಿಲು ಮುಚ್ಚಿಕೊಂಡಿದ್ದರೆ ತಟ್ಟಬಹುದಿತ್ತು. ಮಗಳಿಗೆ ಲೆಕ್ಕ ಹೇಳಿಕೊಟ್ಟಳು, ಎಂದಿನ ಸಲಿಗೆಯಿಂದ ತಂಗಿಯ ಗಂಡನನ್ನು ರೇಗಿಸಿದಳು, ದಿನವೂ ಪತ್ರಿಕೆಯ ಜಾಹೀರಾತು ನೋಡಿ ಅರ್ಜಿ ಬರೆದಳು. ಐವತ್ತೆರಡು ವಯಸ್ಸಿನವಳಿಗೆ ಉತ್ತರ ಬರುತ್ತಿರಲಿಲ್ಲ.

ಮೂರನೆಯ ಮಹಡಿಯಲ್ಲಿ ಈಗ ಮೂರು ಜೋಡಿ. ಪುಸ್ತಕ ಹೋಗಿ ಅದರ ಜಾಗಕ್ಕೆ ಹೊಸ ಹಾಳೆ ಬಂದಿತ್ತು. ಅದರಲ್ಲಿ ಯಾರು ಓದಿದರು, ಯಾರು ನೋಡಿದರು ಎಂದು ನಿಮಿಷ ಸಮೇತ ಬರೆಯಬೇಕು. ಗಿಣಿ ಎದುರಿನವನ ಬೆರಳು ಎಲ್ಲಿ ಜಾರಿತೆಂದು ಬಣ್ಣದ ಪೆನ್ನಿನಲ್ಲಿ ಗುರುತು ಮಾಡುತ್ತಿದ್ದಳು. ಅವಳು ಓದುವ ಓಟದಲ್ಲಿ ನುಂಗಿದ ಅಕ್ಷರಗಳನ್ನು ಅವನು ಪಟ್ಟಿ ಮಾಡುತ್ತಿದ್ದ. ಓದುವ ದನಿಗಳು ತಗ್ಗಿದ್ದವು. ಮುಖ್ಯ ಕಚೇರಿಯ ಸಮೀಕ್ಷೆಯಲ್ಲಿ ಸಿಬ್ಬಂದಿಯ ಉತ್ಸಾಹ ಈ ವಿಭಾಗದಲ್ಲೇ ಅತಿ ಹೆಚ್ಚು ಎಂದು ಬಂತು. ‘ಕೇಳಿಸಿಕೊಳ್ಳುವ ನಾಯಕಿ’ ಎಂಬ ತಲೆಬರಹದ ಕೆಳಗೆ ತಂಗಿಯ ಚಿತ್ರ ಹಾಕಿ ನಗುಮುಖ ಎಲ್ಲ ಮಹಡಿಗಳಿಗೂ ಹಂಚಿದ.

ಒಂದು ಬುಧವಾರ ಹನ್ನೊಂದರ ಸುಮಾರಿಗೆ ಅವಳ ಮೇಜಿನ ಫೋನು ಬಡಿದುಕೊಂಡಿತು. ನಗರದ ಇನ್ನೊಂದು ಮೂಲೆಯ ಸಣ್ಣ ಮುದ್ರಣಾಲಯದ ಮಾಲೀಕ.

“ನಮಗೊಬ್ಬರು ಪ್ರೂಫ್ ನೋಡೋರು ಬೇಕಾಗಿದ್ರು. ನಿಮ್ಮಲ್ಲಿದ್ದ ಒಬ್ಬರು ಬಂದಿದಾರೆ. ಪರೀಕ್ಷೆ ಕೊಟ್ಟೆ, ಎರಡು ಪುಟದಲ್ಲಿ ನಾನೇ ಇಟ್ಟಿದ್ದ ಹದಿನಾಲ್ಕು ತಪ್ಪು ಹಿಡಿದ್ರು, ನನಗೇ ಗೊತ್ತಿಲ್ಲದ್ದು ಇನ್ನೂ ಎರಡು ಹಿಡಿದ್ರು.” ಆತ ಖುಷಿಯಾಗಿದ್ದ. “ನಂಗೆ ತಗೊಳ್ಳೋ ಮನಸ್ಸಿದೆ. ಆದ್ರೆ ನಾವೂ ಔಷಧಿ ಕಾಗದಾನೇ ಮಾಡೋದು. ಆ ಚುಕ್ಕೆ ವಿಷಯ ಕಿವಿಗೆ ಬಿದ್ದಿದೆ. ಒಂದೇ ಪ್ರಶ್ನೆ ಮೇಡಂ. ಅದು ನಿಜವಾಗ್ಲೂ ಅವರದಾ?”

ಅಕ್ಕನ ಕೆಲಸ ಒಂದು ಪದದ ದೂರದಲ್ಲಿತ್ತು. ‘ಅಲ್ಲ’ ಎಂದರೆ ಆಯಿತು. ಆದರೆ ‘ಅಲ್ಲ’ ಎಂದ ಮೇಲೆ ಆತ ‘ಮತ್ತೆ ಯಾರದು’ ಎನ್ನದೆ ಬಿಡುತ್ತಾನೆಯೇ? ಇದೇ ವ್ಯಾಪಾರದವರು ವಾರಕ್ಕೊಮ್ಮೆ ಎಲ್ಲಾದರೂ ಸೇರುತ್ತಾರೆ; ನಗುಮುಖನ ಕಿವಿಗೆ ಬೀಳಲು ಎಷ್ಟು ಹೊತ್ತು? ಸಹಿ ಮಾಡಿಸಿದ ನಮೂನೆ ಅವನ ಕಪಾಟಿನಲ್ಲಿದೆ. ತಂಗಿ ಗಾಜಿನಾಚೆ ನೋಡಿದಳು. ಗಿಣಿ ಓದುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದಳು.

“ಹಲೋ? ಕೇಳಿಸ್ತಿದ್ಯಾ?”

“ಹೌದು,” ಎಂದಳು ತಂಗಿ. “ಅವರದೇ.”

“ಸಂಪೂರ್ಣ ಅವರದೇನಾ? ಜೋಡಿ ಅಂತೇನೋ ಇರುತ್ತಲ್ಲ ನಿಮ್ಮಲ್ಲಿ.”

“ಸಂಪೂರ್ಣ ಅವರದೇ.”

ಆತ ನಿಟ್ಟುಸಿರು ಬಿಟ್ಟ. “ಛೆ. ಅವರೂ ಹಾಗೇ ಹೇಳಿದ್ರು. ನಂಗೆ ನಂಬಿಕೆ ಬರ್ಲಿಲ್ಲ, ಅದಕ್ಕೇ ಅವರೆದುರಿಗೇ ಫೋನ್ ಮಾಡಿದೆ. ನೀವು ಅವರ ಸ್ವಂತ ತಂಗಿ ಅಂತ ಈಗ ತಾನೇ ಗೊತ್ತಾಯ್ತು. ಅಕ್ಕನ ಪರ ಒಂದು ಸುಳ್ಳು ಹೇಳಿಯಾರು ಅಂದ್ಕೊಂಡಿದ್ದೆ, ನಿಜ ಹೇಳ್ಬೇಕಂದ್ರೆ. ನಿಮ್ಮಂಥ ನೇರ ಜನ ಈ ಕಾಲದಲ್ಲಿ ಸಿಗಲ್ಲ ಮೇಡಂ. ಯಾವತ್ತಾದ್ರೂ ಅಲ್ಲಿ ಬಿಡೋ ಯೋಚನೆ ಬಂದ್ರೆ ನಮ್ಮಲ್ಲಿಗೆ ಬನ್ನಿ, ಜಾಗ ಮಾಡ್ತೀನಿ.”

ತಂಗಿ ಫೋನನ್ನು ಕಿವಿಗೆ ಒತ್ತಿಕೊಂಡಳು. “ಅವರು... ಅಲ್ಲೇ ಇದಾರಾ?”

“ಇಲ್ಲೇ ಕೂತಿದಾರೆ. ಸ್ಪೀಕರ್‌ನಲ್ಲಿ ಎಲ್ಲಾ ಕೇಳಿಸ್ಕೊಂಡ್ರು. ಮಾತಾಡ್ತೀರಾ?”

ಕುರ್ಚಿ ಸರಿದ ಸದ್ದು. ಕಾಗದಗಳನ್ನು ಯಾರೋ ಜೋಡಿಸಿ ಮೇಜಿಗೆ ಕುಟ್ಟಿ ಸಮ ಮಾಡಿದ ಸದ್ದು. ಆಮೇಲೆ ಅಕ್ಕನ ದನಿ, ಹತ್ತಿರದಿಂದ.

“ಇಷ್ಟು ಹೊತ್ತು ಯಾಕೆ ತಗೊಂಡೆ?” ಎಂದಳು ಅಕ್ಕ. “ಗೊತ್ತಿದ್ದ ಉತ್ತರ ತಾನೇ.”

ತಂಗಿ ಬಾಯಿ ತೆರೆದಳು. ಆಚೆ ಕಡೆ ಅಕ್ಕ ಫೋನನ್ನು ಮೆಲ್ಲಗೆ, ಸದ್ದಾಗದಂತೆ ಇಟ್ಟುಬಿಟ್ಟಳು.